ಕನ್ನಡಿಯಲ್ಲಿ ಎಡ ಬಲ ಆಗುತ್ತೆ, ತಲೆ ಯಾಕೆ ಕೆಳಗಾಗಲ್ಲ?

ಈ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದಿಂದ ಎರಡು ಶನಿವಾರ ಕಾಲೇಜಿನ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಏಳನೇ ತರಗತಿ ಮಕ್ಕಳಿಗೆ ಕನ್ನಡಿಯ ಪ್ರಯೋಗಗಳನ್ನು ಮಾಡಿಸಿದೆವು. ಮುಂದಿನ ಸಲ ನೀವೂ ಬರಲಿ ಅಂತ, ಏನು ಮಾಡಿಸಿದ್ವಿ, ಎಲ್ಲಿ ಎಡವಿದ್ವಿ ಎರಡನ್ನೂ ಬರೀತಿದ್ದೀವಿ.

ಬೇಕಾದ ಸಾಮಾನು ಇಷ್ಟೇ: ಅಂಗೈ ಅಗಲದ ಮೂರು ಚೌಕ ಕನ್ನಡಿ, ಒಂದು ಬಾಚಣಿಗೆ, ಟಾರ್ಚ್, ಬಿಳಿ ಹಾಳೆ, ಕೋನಮಾಪಕ, ಒಂದು ನಾಣ್ಯ, ಟೇಪ್, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಕನ್ನಡಿಯ ಅಂಚಿಗೆಲ್ಲ ಟೇಪ್ ಸುತ್ತಿದ ಮೇಲೇ ಮಕ್ಕಳ ಕೈಗೆ ಕೊಡಿ. ಬಿಸಿಲನ್ನು ಯಾರ ಕಣ್ಣಿಗೂ ಬಿಡಬಾರದು ಅಂತ ಮೊದಲೇ ಹೇಳಿಬಿಡಿ.

1. ಬಾಚಣಿಗೆ ಮತ್ತು ಟಾರ್ಚ್

ಕೋಣೆಯ ಕಿಟಕಿ ಮುಚ್ಚಿ. ಹಾಳೆಯ ಮೇಲೆ ಬಾಚಣಿಗೆಯನ್ನು ಹಲ್ಲು ಕೆಳಗೆ ಬರುವಂತೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಾಕಿ. ಬೆಳಕು ಗೆರೆ ಗೆರೆಯಾಗಿ ಹಾಳೆಯ ಮೇಲೆ ಬೀಳುತ್ತೆ. ಎದುರಿಗೆ ಕನ್ನಡಿ ನಿಲ್ಲಿಸಿದರೆ ಗೆರೆಗಳೆಲ್ಲ ತಿರುಗಿ ಬರುತ್ತವೆ. ಒಂದು ಗೆರೆಯನ್ನು ಹೋಗುವಾಗಲೂ ಬರುವಾಗಲೂ ಪೆನ್ಸಿಲ್‌ನಲ್ಲಿ ಎಳೆದು, ಅದು ಕನ್ನಡಿಗೆ ತಾಗಿದ ಜಾಗದಲ್ಲಿ ಒಂದು ಲಂಬ ಹಾಕಿ, ಎರಡೂ ಕಡೆ ಕೋನ ಅಳೆಯಬೇಕು.

ಇಲ್ಲಿ ನಮ್ಮ ಒಬ್ಬ ಗೆಳೆಯ "ಇದು ಆ್ಯಂಗಲ್ ಆಫ್ ಇನ್ಸಿಡೆನ್ಸ್" ಅಂದ. ಮುಂದಿನ ಬೆಂಚಿನ ಹುಡುಗ ಮೆಲ್ಲಗೆ, "ಅಣ್ಣ, ಪತನ ಕೋನ ಅಲ್ವಾ?" ಅಂತ ಕೇಳಿದ. ಕನ್ನಡ ಸಂಘದವರು ನಾವು, ಏಳು ಜನರಲ್ಲಿ ಒಬ್ಬರಿಗೂ ಆ ಪದ ಗೊತ್ತಿರಲಿಲ್ಲ. ಅವನ ಪುಸ್ತಕ ತಗೊಂಡು ಪತನ ಕೋನ, ಪ್ರತಿಫಲನ ಕೋನ ಎರಡನ್ನೂ ಬೋರ್ಡ್ ಮೇಲೆ ಬರೆದ್ವಿ.

ಎರಡೂ ಕೋನ ಸಮ ಬರಬೇಕು. ನಮಗೆ ಮೊದಲು 40 ಮತ್ತು 36 ಬಂತು! ತಪ್ಪು ನಮ್ಮದೇ. ಗಾಜಿನ ಕನ್ನಡಿಯಲ್ಲಿ ಹೊಳೆಯುವ ಲೇಪ ಇರುವುದು ಹಿಂಬದಿಗೆ. ನಾವು ಗೆರೆ ಎಳೆದದ್ದು ಮುಂಬದಿಗೆ. ಹಿಂದಿನ ಅಂಚಿಗೆ ಗೆರೆ ಹಾಕಿದ ಮೇಲೆ ಕೋನಗಳು ಒಂದು ಡಿಗ್ರಿ ಆಚೀಚೆಗೆ ಬಂದವು.

2. ಒಂದು ನಾಣ್ಯ, ಐದು ನಾಣ್ಯ

ಎರಡು ಕನ್ನಡಿಗಳನ್ನು ಪುಸ್ತಕದ ಹಾಗೆ ಟೇಪ್‌ನಿಂದ ಜೋಡಿಸಿ, ನಡುವೆ ನಾಣ್ಯ ಇಡಿ. 90 ಡಿಗ್ರಿಗೆ ತೆರೆದರೆ 3 ಪ್ರತಿಬಿಂಬ, 60ಕ್ಕೆ 5, 45ಕ್ಕೆ 7. ಸೂತ್ರವನ್ನು ಮೊದಲು ಹೇಳಬೇಡಿ. ಮಕ್ಕಳೇ ಎಣಿಸಿ ಪಟ್ಟಿ ಮಾಡಲಿ, 360ನ್ನು ಕೋನದಿಂದ ಭಾಗಿಸಿ ಒಂದು ಕಳೆಯಬೇಕು ಅನ್ನೋದನ್ನ ಯಾರೋ ಒಬ್ಬರು ಕಂಡುಹಿಡಿದೇ ಹಿಡೀತಾರೆ. ಆದರೆ ಭಾಗಿಸಿದಾಗ ಸರಿಸಂಖ್ಯೆ ಬರುವ ಕೋನಗಳನ್ನೇ ಆರಿಸಿ. 120 ಇಟ್ಟರೆ ನಾಣ್ಯ ನಡುಮಧ್ಯ ಇದೆಯೋ ಪಕ್ಕಕ್ಕಿದೆಯೋ ಅನ್ನೋದರ ಮೇಲೆ ಎಣಿಕೆ ಬದಲಾಗಬಹುದು.

3. ನಮಗೆ ಉತ್ತರ ಬರದ ಪ್ರಶ್ನೆ

ಮೊದಲ ಶನಿವಾರ ಎಲ್ಲ ಮುಗಿಸಿ, "ಕನ್ನಡಿ ಎಡವನ್ನು ಬಲ ಮಾಡುತ್ತೆ" ಅಂತ ಹೇಳಿ ಹೊರಡುತ್ತಿದ್ದೆವು. ಕೊನೆ ಬೆಂಚಿನ ಹುಡುಗಿ ಎದ್ದು, "ಅಕ್ಕ, ಎಡ ಬಲ ಆಗುತ್ತೆ ಅಂದ್ರೆ ತಲೆ ಯಾಕೆ ಕೆಳಗಾಗಲ್ಲ?" ಅಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಪಿಯುಸಿ, ಸಿಇಟಿ, ಮೊದಲ ವರ್ಷದ ಫಿಸಿಕ್ಸ್ ಎಲ್ಲ ದಾಟಿ ಬಂದವರು ನಾವು. "ಮುಂದಿನ ವಾರ ಹೇಳ್ತೀವಿ ಪುಟ್ಟಿ" ಅಂದು ಬಂದ್ವಿ. ಅವತ್ತು ರಾತ್ರಿ ಮೆಸ್‌ನಲ್ಲಿ ಅನ್ನ ಆರಿಹೋಗುವ ತನಕ ಜಗಳ ಆಡಿದ್ವಿ.

ಉತ್ತರ ಸಿಕ್ಕಿದ್ದು ಪ್ಲಾಸ್ಟಿಕ್ ಹಾಳೆಯಿಂದ. ಅದರ ಮೇಲೆ ನಿಮ್ಮ ಹೆಸರು ಬರೆದು, ನಿಮಗೆ ಸರಿಯಾಗಿ ಓದಲು ಬರುವಂತೆ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಕನ್ನಡಿಯಲ್ಲೂ ಹೆಸರು ಸರಿಯಾಗೇ ಕಾಣುತ್ತೆ! ಈಗ ಬಿಳಿ ಹಾಳೆಯಲ್ಲಿ ಬರೆದು ತೋರಿಸಿ. ಉಲ್ಟಾ. ಯಾಕೆ? ಕನ್ನಡಿಗೆ ತೋರಿಸಲು ಆ ಹಾಳೆಯನ್ನು ನಾವೇ ತಿರುಗಿಸಿದೆವು. ಎಡ ಬಲ ಮಾಡಿದ್ದು ನಮ್ಮ ಕೈ, ಕನ್ನಡಿ ಅಲ್ಲ.

ಎರಡನೇ ಶನಿವಾರ ಆ ಹುಡುಗಿಯನ್ನೇ ಕನ್ನಡಿ ಮುಂದೆ ನಿಲ್ಲಿಸಿದೆವು. ಬಾಗಿಲ ಕಡೆ ಕೈ ತೋರಿಸಿದಳು, ಪ್ರತಿಬಿಂಬವೂ ಬಾಗಿಲ ಕಡೆಗೇ. ಸೂರಿನ ಕಡೆ ತೋರಿಸಿದಳು, ಅದೂ ಸೂರಿಗೇ. ಕನ್ನಡಿಯ ಕಡೆಗೇ ಬೆರಳು ಮಾಡಿದಳು, ಪ್ರತಿಬಿಂಬ ಮಾತ್ರ ಅವಳ ಕಡೆಗೆ ಬೆರಳು ಮಾಡಿತು. ಕನ್ನಡಿ ಅದಲುಬದಲು ಮಾಡುವುದು ಹಿಂದು ಮುಂದನ್ನು ಮಾತ್ರ. ಎದುರಿಗೆ ಇನ್ನೊಬ್ಬರು ತಿರುಗಿ ನಿಂತಿದ್ದಾರೆ ಅಂತ ನಾವು ಅಂದುಕೊಳ್ಳುವುದರಿಂದ ಎಡ ಬಲ ಆದ ಹಾಗೆ ಅನ್ಸುತ್ತೆ.

4. ಹಾಗಾದ್ರೆ ತಲೆ ಕೆಳಗಾಗೋದೇ ಇಲ್ವಾ?

ಆಗುತ್ತೆ. ಒಂದು ಕನ್ನಡಿಯನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ಜೋಡಿ ಕನ್ನಡಿಯನ್ನು 90 ಡಿಗ್ರಿಗೆ ತೆರೆದು ನಿಲ್ಲಿಸಿ. ಮೂರೂ ಸೇರುವ ಮೂಲೆಯೊಳಗೆ ನೋಡಿ. ಒಂದೊಂದು ಕನ್ನಡಿ ಒಂದೊಂದು ದಿಕ್ಕನ್ನು ತಿರುಗಿಸುವುದರಿಂದ, ನಿಮ್ಮ ಮುಖ ತಲೆಕೆಳಗಾಗಿ ಕಾಣುತ್ತೆ. ಒಂದು ಕಣ್ಣು ಮುಚ್ಚಿ ಆಚೀಚೆ ಸರಿದರೂ, ತೆರೆದ ಕಣ್ಣು ಆ ಮೂಲೆ ಬಿಟ್ಟು ಕದಲುವುದಿಲ್ಲ. ಯಾವ ಕಡೆಯಿಂದ ಬಂದ ಬೆಳಕನ್ನೂ ಅದು ಬಂದ ಕಡೆಗೇ ಕಳಿಸುವ ಮೂಲೆ ಅದು.

ಸೈಕಲ್ ಹಿಂದಿನ ಕೆಂಪು ರಿಫ್ಲೆಕ್ಟರ್ ಒಳಗೆ ಇಂಥ ಪುಟ್ಟ ಮೂಲೆಗಳು ಸಾಲಾಗಿವೆ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಂಥ 100 ಮೂಲೆಗಳಿರುವ ಫಲಕ ಇಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಸುಮಾರು ಎರಡೂವರೆ ಸೆಕೆಂಡಿನಲ್ಲಿ ವಾಪಸ್ ಬರುತ್ತೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಹೋಗ್ತಿದ್ದಾನೆ ಅಂತ ಗೊತ್ತಾಗಿದ್ದು ಹೀಗೆ ಅಳೆದೇ. 2023ರಲ್ಲಿ ಇಳಿದ ನಮ್ಮ ವಿಕ್ರಮ್ ಮೇಲೂ ನಾಸಾದ ಇಂಥದ್ದೊಂದು ಪುಟ್ಟ ಸಾಧನವಿದೆ.

ಇದನ್ನೆಲ್ಲ ಹೇಳುವಾಗ ಆ ಹುಡುಗಿ ನಮ್ಮ ಕಡೆ ನೋಡಲೇ ಇಲ್ಲ. ಮೂಲೆಯೊಳಗೆ ತಲೆಕೆಳಗಾದ ತನ್ನ ಮುಖ ನೋಡುತ್ತಾ ನಾಲಿಗೆ ಚಾಚುತ್ತಿದ್ದಳು.

ಮುಂದಿನ ಸಲ ಮಸೂರ ತಗೊಂಡು ಹೋಗ್ತಿದ್ದೀವಿ. ಬರುವವರು ಏಳನೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಒಂದು ಸಲ ಓದಿಕೊಂಡು ಬನ್ನಿ. ನಾವೂ ಓದ್ತಿದ್ದೀವಿ.