ಕೂಡಿದ ಖರ್ಚನ್ನು ಹಂಚುವ ಬಗೆ

ನಮ್ಮ ದೇಶದ ಕೃಷಿ ಹಿಡುವಳಿಗಳಲ್ಲಿ ಶೇಕಡಾ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು ಎಂಬುದು 2015-16ರ ಕೃಷಿ ಗಣತಿಯಿಂದ ತಿಳಿದುಬಂದಿದೆ. ಇಂತಹ ರೈತನು ಬಾವಿ, ಪಂಪು, ಕೊಳವೆಮಾರ್ಗಗಳ ವೆಚ್ಚವನ್ನು ಒಬ್ಬನೇ ಭರಿಸುವುದು ಕಷ್ಟ. ಕೂಡಿ ನಡೆಯಬೇಕೆಂಬ ಮಾತು ಹೊಸದೇನಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು 1905ರಲ್ಲಿಯೇ ಸ್ಥಾಪನೆಗೊಂಡಿತು. ಆದರೆ ಕೂಡುವಾಗ ಇದ್ದ ಉತ್ಸಾಹ ಹಂಚುವಾಗ ಉಳಿಯುವುದಿಲ್ಲ. ಯಾರು ಎಷ್ಟು ಕೊಡಬೇಕು ಎಂಬಲ್ಲಿಯೇ ಒಗ್ಗಟ್ಟು ಮುರಿಯುತ್ತದೆ.

ಈ ಪ್ರಶ್ನೆಯನ್ನು ಗಣಿತದ ಮೂಲಕ ವಿವೇಚಿಸುವ ಶಾಸ್ತ್ರಕ್ಕೆ ಸಹಕಾರಿ ಆಟಗಳ ಸಿದ್ಧಾಂತ ಎಂದು ಹೆಸರು. ಹೆಸರಿನಲ್ಲಿ ಆಟವಿದ್ದರೂ ವಿಷಯವು ಗಂಭೀರವಾದುದೇ. ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರು 1944ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕೆ ತಳಹದಿ ಹಾಕಿತು.

ಒಂದು ಉದಾಹರಣೆಯನ್ನು ನೋಡೋಣ. ಇಳಿಜಾರಿನ ಕೆಳಗೆ ಒಂದು ಬಾವಿಯಿದೆ. ಅಲ್ಲಿಂದ ಮೇಲಕ್ಕೆ ಒಂದೇ ಸಾಲಿನಲ್ಲಿ ಮೂವರು ರೈತರ ಹೊಲಗಳಿವೆ. ಮೊದಲ ಹೊಲದವರೆಗೆ ಕೊಳವೆ ಹಾಕಲು 12,000 ರೂಪಾಯಿ ಬೇಕು. ಅಲ್ಲಿಂದ ಎರಡನೆಯ ಹೊಲಕ್ಕೆ ಮತ್ತೆ 12,000, ಕಲ್ಲುನೆಲದ ಮೂರನೆಯ ಹೊಲಕ್ಕೆ ಇನ್ನೂ 36,000. ಮೂವರೂ ಬೇರೆ ಬೇರೆ ಕೊಳವೆ ಹಾಕಿದರೆ ಒಟ್ಟು 96,000 ರೂಪಾಯಿ ತಗಲುತ್ತದೆ. ಕೂಡಿದರೆ 60,000 ಸಾಕು. ಉಳಿತಾಯವು ಸ್ಪಷ್ಟವಾಗಿಯೇ ಇದೆ. ಆದರೆ ಸಮಪಾಲೆಂದು ತಲೆಗೆ 20,000 ವಿಧಿಸಿದರೆ ಮೊದಲನೆಯ ರೈತನು ತಾನೇ 12,000ಕ್ಕೆ ಕೆಲಸ ಮುಗಿಸಿಕೊಳ್ಳುತ್ತಾನೆ. ಅವನನ್ನು ಸ್ವಾರ್ಥಿಯೆಂದು ದೂರುವುದು ನ್ಯಾಯವಲ್ಲ, ತಪ್ಪಿರುವುದು ಹಂಚಿಕೆಯಲ್ಲಿ.

1953ರಲ್ಲಿ ಲಾಯ್ಡ್ ಶಾಪ್ಲಿ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೊಂದು ಮಾರ್ಗ ಸೂಚಿಸಿದರು. (ಅವರು 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.) ಸದಸ್ಯರು ಒಬ್ಬರ ನಂತರ ಒಬ್ಬರು ಗುಂಪಿಗೆ ಸೇರುತ್ತಾರೆಂದು ಭಾವಿಸಿ, ಪ್ರತಿಯೊಬ್ಬನ ಸೇರ್ಪಡೆಯಿಂದ ಖರ್ಚು ಎಷ್ಟು ಹೆಚ್ಚುತ್ತದೆಂದು ನೋಡಬೇಕು. ಸೇರುವ ಎಲ್ಲ ಕ್ರಮಗಳಲ್ಲೂ ಹೀಗೆ ಲೆಕ್ಕ ಹಾಕಿ ಸರಾಸರಿ ತೆಗೆದರೆ ಅದೇ ಅವನ ಪಾಲು. ನಮ್ಮ ಉದಾಹರಣೆಯಲ್ಲಿ ಆರು ಕ್ರಮಗಳಿವೆ. ಫಲಿತಾಂಶ ಮಾತ್ರ ಬಹು ಸರಳ. ಕೊಳವೆಯ ಪ್ರತಿಯೊಂದು ಭಾಗದ ಖರ್ಚನ್ನು ಅದನ್ನು ಬಳಸುವವರು ಸಮನಾಗಿ ಹೊರುತ್ತಾರೆ. ಮೊದಲ ಭಾಗಕ್ಕೆ ಮೂವರು, ಎರಡನೆಯದಕ್ಕೆ ಇಬ್ಬರು, ಕೊನೆಯದಕ್ಕೆ ಒಬ್ಬನೇ. ಆಗ ಪಾಲುಗಳು ಕ್ರಮವಾಗಿ 4,000, 10,000 ಮತ್ತು 46,000 ಆಗುತ್ತವೆ. ಊರಿನ ಹಿರಿಯರು ಗಣಿತವಿಲ್ಲದೆಯೇ ಇದನ್ನು ಹೇಳಿಯಾರು!

ಆದರೆ ಮೇಲಿನ ಹೊಲದವನು ಮೂವರಲ್ಲಿ ಕಡುಬಡವನಾಗಿದ್ದರೆ? ಅವನ ಭಾರವನ್ನು ಇಳಿಸಬಹುದು, ಆದರೆ ಅದಕ್ಕೊಂದು ಮಿತಿಯುಂಟು. ಮೊದಲಿನ ಇಬ್ಬರು ತಾವೇ ಕೂಡಿದರೆ 24,000ದಲ್ಲಿ ನೀರು ಪಡೆಯಬಲ್ಲರು; ಅದಕ್ಕಿಂತ ಹೆಚ್ಚು ಕೇಳಿದರೆ ಅವರು ಬೇರೆಯಾಗುವ ಸಂಭವವಿದೆ. ಆದುದರಿಂದ ಮೂರನೆಯವನ ಪಾಲನ್ನು 36,000ದವರೆಗೆ ತಗ್ಗಿಸಬಹುದು. ಅದಕ್ಕೂ ಕಡಿಮೆ ಮಾಡಬೇಕಾದರೆ ಹೊರಗಿನ ನೆರವು ಬೇಕು. ಸರ್ಕಾರದ ಸಹಾಯಧನವು ಎಲ್ಲಿ ಅಗತ್ಯ, ಎಷ್ಟು ಅಗತ್ಯ ಎಂಬುದನ್ನು ಈ ಲೆಕ್ಕವು ತೋರಿಸಿಕೊಡುತ್ತದೆ. ಇದರ ನಿಜವಾದ ಉಪಯೋಗವೂ ಇದೇ ಎನ್ನಬಹುದು.

ಲೆಕ್ಕವು ಉತ್ತರಿಸದ ಪ್ರಶ್ನೆಯೂ ಒಂದುಂಟು: ನೀರು ಯಾರದು? ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ, 1972ರ ಬರಗಾಲದ ನಂತರ, ವಿಲಾಸರಾವ್ ಸಾಳುಂಖೆ ಅವರು ಆರಂಭಿಸಿದ ಪಾನಿ ಪಂಚಾಯತ್ ಈ ಪ್ರಶ್ನೆಯನ್ನೇ ಮೊದಲು ಇತ್ಯರ್ಥಪಡಿಸಿತು. ಅಲ್ಲಿ ನೀರು ಜಮೀನಿನ ವಿಸ್ತೀರ್ಣಕ್ಕೆ ಅನುಗುಣವಾಗಿರದೆ, ಕುಟುಂಬದ ತಲೆಯೊಂದಕ್ಕೆ ಅರ್ಧ ಎಕರೆಯಂತೆ, ಹೆಚ್ಚೆಂದರೆ ಎರಡೂವರೆ ಎಕರೆಗೆ ದೊರೆಯಿತು. ಖರ್ಚಿನ ಶೇಕಡಾ 20ನ್ನು ಸದಸ್ಯರೇ ಹಾಕಿದರು. ಒಬ್ಬನ ಕಬ್ಬು ಹಲವರ ಜೋಳದ ನೀರನ್ನು ಕುಡಿಯಬಾರದೆಂದು ಕಬ್ಬಿನ ಬೆಳೆಯನ್ನು ನಿಷೇಧಿಸಲಾಯಿತು. ಭೂಹೀನರಿಗೂ ನೀರಿನಲ್ಲಿ ಪಾಲಿತ್ತು. ಜಮೀನು ಮಾರಾಟವಾದರೂ ನೀರಿನ ಹಕ್ಕು ಅದರೊಡನೆ ಹೋಗುತ್ತಿರಲಿಲ್ಲ.