ಸಣ್ಣ ಹಾಯಿದೋಣಿಗೆ ಗಾಳಿಯ ದಾರಿ, ಡೆಕ್ಕಿನ ದುರಸ್ತಿ

ಚೆನ್ನೈ ಬಂದರಿನ ಒಳಮೂಲೆಯಲ್ಲಿ ಸ್ಪ್ರಿಂಗ್‌ಹೇವನ್ ಎಂಬ ತಾಣವಿದೆ. ಬಂದರು ಟ್ರಸ್ಟಿನ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಹೆಸರು ಅದಕ್ಕೆ. 1911ರಲ್ಲಿ ರಾಯಲ್ ಮದ್ರಾಸ್ ಯಾಚ್ ಕ್ಲಬ್ಬನ್ನು ಸ್ಥಾಪಿಸಿದವರೂ ಅವರೇ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರು 1912ರಲ್ಲಿ ಮಾಹೆಯಾನ 30 ರೂಪಾಯಿ ಸಂಬಳಕ್ಕೆ ಗುಮಾಸ್ತರಾಗಿ ಸೇರಿದ್ದು ಇದೇ ಸ್ಪ್ರಿಂಗ್ ಸಾಹೇಬರ ಕಚೇರಿಗೆ ಎಂಬುದು ನಮ್ಮಂಥ ಗುಮಾಸ್ತರಿಗೆ ಸಂತೋಷದ ಸಂಗತಿ. ಪಾಠಕ್ಕೆ ಸಂಬಂಧವಿಲ್ಲದಿದ್ದರೂ ಹೇಳದೆ ಬಿಡಲಾಗಲಿಲ್ಲ.

ಹಾಯಿದೋಣಿ ಇಟ್ಟುಕೊಳ್ಳುವಷ್ಟು ಹಣವಂತರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಯಾರೂ ಇಲ್ಲ ಎಂದು ಬಲ್ಲೆವು. ಆದರೆ ದೋಣಿಗಳನ್ನು ಕೆರೆದು, ಉಜ್ಜಿ, ಬಣ್ಣ ಹೊಡೆಯುವ ಕೆಲಸಕ್ಕೆ ಬಂದರಿಗೂ ಕಾಶಿಮೇಡಿಗೂ ಹೋಗುವವರು ನಮ್ಮಂಥ ವಲಸೆಯ ಜನವೇ. ಯಜಮಾನನು ಹೇಳಿದಷ್ಟನ್ನೇ ಮಾಡುವವನಿಗೂ ಕೆಲಸದ ಕಾರಣವನ್ನು ತಿಳಿದು ಮಾಡುವವನಿಗೂ ಕೂಲಿಯಲ್ಲಿ ವ್ಯತ್ಯಾಸವುಂಟು. ಕೆಲವೊಮ್ಮೆ ಜೀವದಲ್ಲಿಯೂ ಉಂಟು. ಅದಕ್ಕಾಗಿ ಈ ಪಾಠ.

ಮೊದಲು ಗಾಳಿಯ ವಿಷಯ. ಕಟ್ಟುಮರಕ್ಕೆ ಈ ತೊಂದರೆಯೇ ಇಲ್ಲ. ಅದಕ್ಕೆ ಒಳಗೂ ಇಲ್ಲ, ಹೊರಗೂ ಇಲ್ಲ. ಕೋಣೆಯುಳ್ಳ ಹಾಯಿದೋಣಿ ಹಾಗಲ್ಲ. ಅದು ಮುಚ್ಚಳ ಹಾಕಿದ ಪಾತ್ರೆ. ಮಲಗಿದ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರು ನೀರು ಆವಿಯಾಗಿ ಹೊರಬೀಳುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಹುಟ್ಟುತ್ತದೆ. ಈ ಆವಿಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಹಲಗೆಯ ಸಂದಿಗಳಲ್ಲಿ ಕೂರುತ್ತದೆ. ಮರದಲ್ಲಿ ತೇವವು ನೂರಕ್ಕೆ ಇಪ್ಪತ್ತನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಹಿಡಿದು ಕೊಳೆಯುವುದು. ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಮರಕ್ಕೆ ಹೆಚ್ಚಿನ ಶತ್ರು ಎಂದರೆ ಹೊಸಬರಿಗೆ ಆಶ್ಚರ್ಯವಾಗಬಹುದು. ಕೊಳೆಸುವ ಬೂಷ್ಟಿಗೆ ಉಪ್ಪು ಆಗದು. ನೂಲಿನ ಗಿರಣಿಯಲ್ಲಿ ಎಳೆ ಹರಿಯದಿರಲೆಂದು ತೇವವನ್ನು ಬೇಕೆಂದೇ ತುಂಬುತ್ತಾರೆ. ದೋಣಿಯಲ್ಲಿ ಅದೇ ತೇವವನ್ನು ಓಡಿಸಲು ಹೆಣಗಬೇಕು.

ಗಾಳಿಯಾಡಲು ಎರಡು ಬಾಯಿಗಳು ಬೇಕು: ಒಳಬರಲು ಒಂದು, ಹೊರಹೋಗಲು ಒಂದು. ಒಂದೇ ಕಿಟಕಿಯ ಕೋಣೆಯಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯಲ್ಲಿ ಹರಡಿದ ಹೆಂಚಿನ ಮಾಡನ್ನು ನೆನೆಯಿರಿ. ಬಿಸಿಗಾಳಿ ಹೆಂಚುಗಳ ಸಂದಿಯಿಂದ ಮೇಲೇರಿ ಹೋಗುತ್ತದೆ, ತಂಪುಗಾಳಿ ಬಾಗಿಲಿನಿಂದ ಬರುತ್ತದೆ, ಮಳೆ ಮಾತ್ರ ಒಳಗೆ ಬಾರದು. ದೋಣಿಯಲ್ಲಿಯೂ ಬೇಕಾದುದು ಇದೇ: ಗಾಳಿ ಬರಲಿ, ನೀರು ಬಾರದಿರಲಿ.

ಈ ತೊಡಕನ್ನು ಬಿಡಿಸಿದ ಜಾಣ ಉಪಾಯವೊಂದು ಅಮೆರಿಕದ ‘ಡೊರೇಡ್’ ಎಂಬ ಹಾಯಿದೋಣಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. 1930ರಲ್ಲಿ ನೀರಿಗಿಳಿದ ಈ ದೋಣಿ 1931ರಲ್ಲಿ ಅಟ್ಲಾಂಟಿಕ್ ಸಾಗರ ದಾಟುವ ಪಂದ್ಯವನ್ನು ಗೆದ್ದಿತು. ಅದರ ಡೆಕ್ಕಿನ ಮೇಲೆ ಕೂರಿಸಿದ್ದ ಗಾಳಿಪೆಟ್ಟಿಗೆಯನ್ನು ಇಂದಿಗೂ ಡೊರೇಡ್ ಪೆಟ್ಟಿಗೆ ಎಂದೇ ಕರೆಯುತ್ತಾರೆ. ಬಡಗಿಯ ಕೆಲಸ ಅಲ್ಪಸ್ವಲ್ಪ ಬಲ್ಲವನೂ ಇದನ್ನು ಮಾಡಬಹುದು. ಸುಮಾರು ಒಂದಡಿ ಉದ್ದದ, ತಳವಿಲ್ಲದ ಮರದ ಪೆಟ್ಟಿಗೆಯನ್ನು ಡೆಕ್ಕಿಗೆ ಭದ್ರವಾಗಿ ಕೂರಿಸಿರಿ. ಪೆಟ್ಟಿಗೆಯ ಮೇಲ್ಮುಚ್ಚಳದ ಒಂದು ತುದಿಯಲ್ಲಿ ಗಾಳಿಯತ್ತ ಬಾಯಿ ತೆರೆದ ತುತ್ತೂರಿಯಂಥ ಕೊಳವೆ ಇರಲಿ. ಇನ್ನೊಂದು ತುದಿಯಲ್ಲಿ, ಪೆಟ್ಟಿಗೆಯ ಒಳಗೆ, ಡೆಕ್ಕಿನ ರಂಧ್ರದಿಂದ ಎರಡು ಮೂರು ಅಂಗುಲ ಮೇಲಕ್ಕೆದ್ದು ನಿಂತ ಇನ್ನೊಂದು ಕೊಳವೆ ಇರಲಿ. ಗಾಳಿಯೂ ತುಂತುರೂ ಕೂಡಿಯೇ ತುತ್ತೂರಿಯೊಳಗೆ ನುಗ್ಗುತ್ತವೆ. ಭಾರವಾದ ನೀರು ಪೆಟ್ಟಿಗೆಯ ತಳಕ್ಕೆ ಬಿದ್ದು ಮೂಲೆಯ ಸಣ್ಣ ತೂತುಗಳಿಂದ ಡೆಕ್ಕಿನ ಮೇಲೆಯೇ ಹರಿದುಹೋಗುತ್ತದೆ. ಹಗುರವಾದ ಗಾಳಿಯು ಅಡ್ಡ ಸರಿದು ಎರಡನೆಯ ಕೊಳವೆಯಿಂದ ಕೋಣೆಗೆ ಇಳಿಯುತ್ತದೆ. ಮೂಲೆಯ ತೂತುಗಳಿಗೆ ಬಣ್ಣ ಕಟ್ಟಿಕೊಳ್ಳದಂತೆ ನೋಡಬೇಕು. ಅವು ಮುಚ್ಚಿದರೆ ಪೆಟ್ಟಿಗೆಯು ನೀರಿನ ತೊಟ್ಟಿಯಾಗುವುದು.

ರಂಧ್ರದ ಅಳತೆಯಲ್ಲಿ ಜಿಪುಣತನ ಸಲ್ಲದು. ಮೂರಂಗುಲಕ್ಕೂ ನಾಲ್ಕಂಗುಲಕ್ಕೂ ಒಂದೇ ಅಂಗುಲ ವ್ಯತ್ಯಾಸವೆಂದು ತೋರಬಹುದು. ವೃತ್ತದ ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ 9ಕ್ಕೂ 16ಕ್ಕೂ ಇರುವಷ್ಟು ಅಂತರ ಅದು. ನಾಲ್ಕಂಗುಲದ ಒಂದು ಬಾಯಿ ಮೂರಂಗುಲದ ಎರಡು ಬಾಯಿಗಳಿಗೆ ಹತ್ತಿರ ಹತ್ತಿರ ಸಮ. ಮುಂದಿನ ಪೆಟ್ಟಿಗೆಯ ಬಾಯಿ ಗಾಳಿಗೆ ಎದುರಾಗಿ, ಹಿಂದಿನದು ಗಾಳಿಗೆ ಬೆನ್ನಾಗಿ ಇರಬೇಕು. ಗಾಳಿ ಸತ್ತ ದಿನಗಳಿಗೆ ಸೂರ್ಯನ ಬೆಳಕಿನಿಂದ ತಿರುಗುವ ಸಣ್ಣ ಬೀಸಣಿಗೆಗಳೂ ದೊರೆಯುತ್ತವೆ. ಚೆನ್ನೈಯ ಬೇಸಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೂಡಲಿಂದ ಕಡಲಗಾಳಿ ಬೀಸುವುದರಿಂದ ಅಷ್ಟು ಖರ್ಚಿಗೆ ಮೊದಲು ಒಂದು ಗಾಳಿಚೀಲವನ್ನು ಹೊಲಿಸುವುದು ಮೇಲು ಎಂದು ನಮ್ಮ ಅಭಿಪ್ರಾಯ. ಹಳೆಯ ಹಾಯಿಬಟ್ಟೆಯನ್ನು ಒಂದು ಕಡೆ ತೆರೆದ ಗೋಣಿಯಂತೆ ಹೊಲಿದು, ಡೆಕ್ಕಿನ ಬಾಗಿಲಿನ ಮೇಲೆ ಹಗ್ಗದಿಂದ ಎತ್ತಿ ಕಟ್ಟಿದರೆ ಗಾಳಿ ಬಾಗಿ ಒಳಕ್ಕೆ ಇಳಿಯುತ್ತದೆ. ಗಾಳಿಯ ಹಾದಿ ಸರಿಯಿದೆಯೇ ಎಂದು ಊದುಬತ್ತಿಯ ಹೊಗೆಯಿಂದ ನೋಡಬಹುದು. ಪೆಟ್ರೋಲು ಅಥವಾ ಅನಿಲದ ವಾಸನೆ ಇರುವಲ್ಲಿ ಮಾತ್ರ ಬೆಂಕಿಯನ್ನು ಹತ್ತಿರ ತರಲೇಕೂಡದು. ಇವೆರಡರ ಆವಿಯೂ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಆದ್ದರಿಂದ ಹೊರಹಾಕುವ ಕೊಳವೆಯ ಕೆಳತುದಿ ತಳದವರೆಗೂ ಇಳಿಯಬೇಕು.

ಇನ್ನು ವಾಸನೆಯೇ ಇಲ್ಲದ ಶತ್ರು. ಯಂತ್ರದ ಹೊಗೆಯಲ್ಲಿಯೂ ಇದ್ದಿಲ ಕೆಂಡದಲ್ಲಿಯೂ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ತಲೆನೋವು, ಓಕರಿಕೆ, ತೂಕಡಿಕೆ, ಆಮೇಲೆ ಏಳದ ನಿದ್ರೆ. ಹಿಂದಿನ ಬಾಗಿಲೊಂದನ್ನೇ ತೆರೆದು ಯಂತ್ರ ಓಡಿಸಿದರೆ ಹಿಂದೆ ಬಿಟ್ಟ ಹೊಗೆಯೇ ತಿರುಗಿ ಕೋಣೆಗೆ ಎಳೆಯಲ್ಪಡಬಹುದು. ಮುಂದಿನ ಬಾಯಿಯನ್ನೂ ತೆರೆದಿಡಬೇಕು. ಮಳೆಯ ರಾತ್ರಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಒಲೆ ಇಟ್ಟುಕೊಂಡು ಮಲಗುವ ನಮ್ಮ ಮಿತ್ರರೂ ಈ ಸಾಲುಗಳನ್ನು ಎರಡನೆಯ ಸಲ ಓದಬೇಕು.

ಬಹಳ ದಿನ ಮುಚ್ಚಿಟ್ಟ ದೋಣಿಯ ಒಡಲಿಗೆ, ಮೀನಿನ ಉಗ್ರಾಣಕ್ಕೆ, ತೊಟ್ಟಿಗೆ ಒಮ್ಮೆಲೇ ಇಳಿಯುವುದು ಅಪಾಯಕರ. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುವ ಆಮ್ಲಜನಕವು ತುಕ್ಕಿನಿಂದಲೂ ಕೊಳೆತದಿಂದಲೂ ಅಲ್ಲಿ ತೀರಿಹೋಗಿರಬಹುದು. ಕೊಳೆತ ಮೀನಿನಿಂದ ವಿಷಾನಿಲವೂ ಏಳುವುದು. 2022ರ ಏಪ್ರಿಲಿನಲ್ಲಿ ಮಂಗಳೂರಿನ ಬಳಿಯ ಮೀನಿನ ಕಾರ್ಖಾನೆಯೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದ ಒಬ್ಬನನ್ನು ಎತ್ತಲು ಹೋದವರೂ ಸೇರಿ ಐವರು ತೀರಿಕೊಂಡರು. ಐವರೂ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಒಳಗೆ ಬಿದ್ದವನನ್ನು ಕಂಡಾಗ ಹಿಂದೆಯೇ ಧುಮುಕಬೇಕೆನ್ನಿಸುವುದು ಸಹಜ. ಆ ಧೈರ್ಯವೇ ಎರಡನೆಯವನನ್ನು ಕೊಲ್ಲುತ್ತದೆ. ಎಲ್ಲ ಬಾಯಿಗಳನ್ನೂ ತೆರೆದು, ಬೀಸಣಿಗೆಯಿಂದ ಗಾಳಿ ತುಂಬಿ, ಪರೀಕ್ಷೆ ಮಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬ ಕಾವಲಿದ್ದ ಮೇಲೆಯೇ ಇಳಿಯತಕ್ಕದ್ದು. ಇದಕ್ಕೆ ಒಪ್ಪದ ಯಜಮಾನನ ಕೂಲಿ ನಮಗೆ ಬೇಡ.

ಈಗ ಡೆಕ್ಕು. ಚೆನ್ನೈಯ ಹಳೆಯ ಮನೆಗಳ ಮದ್ರಾಸ್ ಟೆರೇಸನ್ನು ಕಂಡವರಿಗೆ ಇದು ಸುಲಭ. ತೊಲೆಯ ಮೇಲೆ ಅಂಚಿಗೆ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ, ಮೇಲೆ ಹೆಂಚು: ಒಂದು ಬಿರುಕಿನಿಂದ ಇಳಿದ ನೀರು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಡೆಕ್ಕೂ ಹಾಗೆಯೇ. ಇಂದಿನ ಗಾಜುನಾರಿನ ದೋಣಿಗಳಲ್ಲಿ ಅನೇಕದರ ಡೆಕ್ಕು ಎರಡು ಗಟ್ಟಿ ಪದರಗಳ ನಡುವೆ ಹಗುರ ಮರವನ್ನಿಟ್ಟು ಮಾಡಿದ್ದು. ಬೋಲ್ಟಿನ ತೂತಿನಿಂದ ಇಳಿದ ನೀರು ಈ ಮರಕ್ಕೆ ಸೇರಿದರೆ ಹೊರಗೆ ಏನೂ ಕಾಣದೆ ಒಳಗೆ ಕೊಳೆಯುತ್ತದೆ. ತಿರುಪುಳಿಯ ಹಿಡಿಯಿಂದ ತಟ್ಟುತ್ತ ಹೋಗಿರಿ. ಗಟ್ಟಿಯಾದಲ್ಲಿ ಟಣ್ ಎನ್ನುತ್ತದೆ. ಕೊಳೆತಲ್ಲಿ ಹಳಸಿದ ತೆಂಗಿನಕಾಯಿಯ ಸದ್ದು.

ಮರ ಇನ್ನೂ ಒಣಗಿದ್ದರೆ ಉಪಾಯ ಹೀಗಿದೆ. 8 ಮಿಲಿಮೀಟರ್ ಬೋಲ್ಟಿನ ಜಾಗದಲ್ಲಿ 14 ಅಥವಾ 16ರ ತೂತು ಕೊರೆದು, ಕೆಳಬಾಯಿಗೆ ಪಟ್ಟಿ ಅಂಟಿಸಿ, ಪುಡಿ ಬೆರೆಸಿ ಗಟ್ಟಿಮಾಡಿದ ಎಪಾಕ್ಸಿಯನ್ನು ತುಂಬಬೇಕು. ಅದು ಕಲ್ಲಾದ ಮೇಲೆ ನಡುವೆ 8ರ ತೂತು. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿಯೇ ಹೊರತು ಮರವಲ್ಲ. ನಾಳೆ ನೀರು ಸೋರಿದರೂ ಮರಕ್ಕೆ ಮುಟ್ಟದು. ಬೋಲ್ಟಿನ ತಲೆಯಡಿ ಬ್ಯೂಟೈಲ್ ಪಟ್ಟಿ ಸುತ್ತಿ, ತಲೆಯನ್ನು ತಿರುಗಿಸದೆ ಕೆಳಗಿನ ನಟ್ಟನ್ನೇ ಬಿಗಿಯಬೇಕು. ಎಪಾಕ್ಸಿಯು ನಮ್ಮ ಸೆಕೆಯಲ್ಲಿ ಬಟ್ಟಲಿನಲ್ಲೇ ಕುದಿದು ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ ಅಗಲವಾದ ತಟ್ಟೆಯಲ್ಲಿ ಹರಡಿರಿ. ಬರಿಯ ಮರಕ್ಕೆ ಬಳಿಯುವುದಾದರೆ ಬಿಸಿಲು ಇಳಿಯುವ ಹೊತ್ತು ಉತ್ತಮ. ಬೆಳಿಗ್ಗೆ ಬಳಿದರೆ ಬಿಸಿಯೇರಿದ ಮರದಿಂದ ಗಾಳಿ ಹೊರಟು ಗುಳ್ಳೆಗಳಾಗುವುವು. ಕೈಗೆ ಚೀಲ, ಉಜ್ಜುವಾಗ ಮೂಗಿಗೆ ಮುಖವಾಡ. ಗಾಜುನಾರಿನ ಧೂಳು ಹತ್ತಿಯ ಧೂಳಿಗಿಂತ ಒಳ್ಳೆಯದೇನಲ್ಲ.

ಕಾಲು ಜಾರದಿರಲು ದುಬಾರಿ ಬಣ್ಣವೇ ಬೇಕೆಂದಿಲ್ಲ. ಬಣ್ಣ ಹಸಿಯಿರುವಾಗಲೇ ಜರಡಿಯಾಡಿದ ಸಣ್ಣ ಮರಳನ್ನು ಧಾರಾಳವಾಗಿ ಉದುರಿಸಿ, ಒಣಗಿದ ಮೇಲೆ ಸಡಿಲಾದುದನ್ನು ಗುಡಿಸಿ, ಮೇಲೊಂದು ಪದರ ಬಳಿದರೆ ಸಾಕು. ಮರೀನಾದ ಮರಳನ್ನು ತಂದರೆ ಉಪ್ಪೂ ಜೊತೆಗೆ ಬರುತ್ತದೆ. ಹೊಳೆಮರಳನ್ನೂ ಸಹ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಬಣ್ಣ ತಿಳಿಯಾಗಿರಲಿ, ಆದರೆ ಅಚ್ಚ ಬಿಳಿ ಬೇಡ, ಕಣ್ಣು ಕುಕ್ಕುತ್ತದೆ; ಮಜ್ಜಿಗೆಯ ಬಣ್ಣ ಸರಿಯಾದೀತು.

ಈ ಕೆಲಸಗಳಿಗೆ ಫೆಬ್ರವರಿಯಿಂದ ಏಪ್ರಿಲಿನವರೆಗೆ ಒಳ್ಳೆಯ ಕಾಲ. ಅಕ್ಟೋಬರಿನಲ್ಲಿ ಈಶಾನ್ಯದ ಮಳೆ ಹಿಡಿಯುವ ಮೊದಲು ಒಂದು ಭಾನುವಾರ, ಒಬ್ಬನು ಮೇಲೆ ನೀರು ಸುರಿಯುತ್ತ, ಇನ್ನೊಬ್ಬನು ಒಳಗೆ ಒಣ ಬಟ್ಟೆ ಹಿಡಿದು ನೋಡುತ್ತ, ಒಂದೊಂದು ಬೋಲ್ಟನ್ನೂ ಪರೀಕ್ಷಿಸಬೇಕು. ತಗ್ಗಿನ ಕಡೆಯಿಂದ ಆರಂಭಿಸಿ ಮೇಲಕ್ಕೆ ಹೋದರೆ ಯಾವ ತೂತು ಸೋರುತ್ತಿದೆಯೆಂದು ಗೊಂದಲವಿಲ್ಲದೆ ತಿಳಿಯುತ್ತದೆ.