ಈ ಬೀಮ್ ಯಾವುದರ ಮೇಲೆ ಕೂತಿದೆ?

ಸಿವಿಲ್ ವಿದ್ಯಾರ್ಥಿಗಳಿಗೆ ರೆವಿಟ್ ತಂತ್ರಾಂಶ ಕಲಿಸುವಾಗ ಮೊದಲ ತರಗತಿಯಲ್ಲಿ ನಾನು ಕಂಪ್ಯೂಟರ್ ಆನ್ ಮಾಡಿಸುವುದಿಲ್ಲ. ಒಂದು ಸಾಧಾರಣ ಮನೆಯ ಪ್ಲಾನ್ ಕೈಗಿತ್ತು, ಬೀಮ್‌ಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿ ಅನ್ನುತ್ತೇನೆ. ಪ್ರತಿ ಬೀಮಿನ ಎರಡೂ ತುದಿಯಲ್ಲಿ ಅದು ಯಾವುದರ ಮೇಲೆ ಕೂತಿದೆ ಎಂದು ಬರೆಯಬೇಕು: ಕಾಲಮ್ಮೋ, ಇನ್ನೊಂದು ಬೀಮೋ. ಬಾಲ್ಕನಿಯ ಕ್ಯಾಂಟಿಲಿವರ್ ಬಿಟ್ಟರೆ, ಉತ್ತರವಿಲ್ಲದ ತುದಿ ಇರಕೂಡದು.

ಪರದೆಯ ಮುಂದೆ ಕೂತಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಬಿ, ಎಂ ಎರಡು ಕೀ ಒತ್ತಿ ಎರಡು ಕಡೆ ಕ್ಲಿಕ್ ಮಾಡಿದರೆ ಬೀಮ್ ಬಂದುಬಿಡುತ್ತದೆ. ಕೆಳಗೆ ಆಧಾರವಿಲ್ಲದಿದ್ದರೂ ತ್ರೀಡಿಯಲ್ಲಿ ಅಂದವಾಗಿಯೇ ಕಾಣುತ್ತದೆ. ಸ್ಲ್ಯಾಬಿನ ಭಾರ ಸೆಕೆಂಡರಿ ಬೀಮಿಗೆ, ಅಲ್ಲಿಂದ ಪ್ರೈಮರಿ ಬೀಮಿಗೆ, ಕಾಲಮಿಗೆ, ಕೊನೆಗೆ ಪಾಯಕ್ಕೆ ಇಳಿಯುವ ದಾರಿಯನ್ನು ಯೋಚಿಸಬೇಕಾದವರು ನಾವೇ. ಅದಕ್ಕೇ ಲೆವೆಲ್, ಗ್ರಿಡ್, ಕಾಲಮ್, ಆಮೇಲೆ ಬೀಮ್ ಎಂಬ ಕ್ರಮದಲ್ಲಿ ನಾನು ಸಡಿಲ ಬಿಡುವುದಿಲ್ಲ. ಕ್ರಮ ಸರಿಯಿದ್ದರೆ ಲಾಭವೂ ಇದೆ: ಗ್ರಿಡ್ ಸರಿಸಿದಾಗ ಕಾಲಮ್ ಜೊತೆಗೇ ಸರಿಯುತ್ತದೆ, ಅದಕ್ಕೆ ಸೇರಿದ ಬೀಮಿನ ಉದ್ದ ತಾನಾಗಿ ಬದಲಾಗುತ್ತದೆ.

ಇನ್ನೊಂದು ತೊಡಕು ಎಲ್ಲ ಬ್ಯಾಚಿನಲ್ಲೂ ಬರುತ್ತದೆ. ಫ್ಲೋರ್ ಪ್ಲಾನಿನಲ್ಲಿ ಬೀಮ್ ಎಳೆದರೆ ಅದು ಆ ವ್ಯೂನ ವ್ಯಾಪ್ತಿಯ ಕೆಳಗೆ ಹೋಗಿ ಕಾಣುವುದೇ ಇಲ್ಲ. ಬರಲಿಲ್ಲವೆಂದು ಮಕ್ಕಳು ಮತ್ತೆ ಮತ್ತೆ ಎಳೆಯುತ್ತಾರೆ, ಒಂದೇ ಜಾಗದಲ್ಲಿ ಬೀಮ್‌ಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಹಳದಿ ಎಚ್ಚರಿಕೆಯನ್ನು ಓದದೆ ಮುಚ್ಚುವ ಅಭ್ಯಾಸ ಮೊದಲು ಬಿಡಿಸಬೇಕು. ಸ್ಟ್ರಕ್ಚರಲ್ ಪ್ಲಾನ್ ತೆರೆದು, ವ್ಯೂ ರೇಂಜ್ ನೋಡಿಕೊಂಡರೆ ಸಮಸ್ಯೆ ಮುಗಿಯಿತು.

ನಿಜವಾಗಿ ತಲೆ ಕೆಡಿಸುವುದು ಬಚ್ಚಲುಮನೆ. ಪೈಪು, ಟ್ರ್ಯಾಪ್‌ಗಳಿಗಾಗಿ ಅಲ್ಲಿ ಸ್ಲ್ಯಾಬನ್ನು 300 ಮಿ.ಮೀ. ಇಳಿಸುತ್ತೇವೆ ಅಂದುಕೊಳ್ಳಿ. ಸ್ಲ್ಯಾಬ್ ಇಳಿಯಿತಲ್ಲ, ಬೀಮೂ ಇಳಿಯಲಿ ಎಂದು ಹುಡುಗರು ಆಫ್‌ಸೆಟ್‌ನಲ್ಲಿ ಮೈನಸ್ 300 ಹಾಕುತ್ತಾರೆ. ಪ್ಲಾನಿನಲ್ಲಿ ಏನೂ ವ್ಯತ್ಯಾಸ ಕಾಣದು. ಸೆಕ್ಷನ್ ಕತ್ತರಿಸಿದರೆ ಗೊತ್ತಾಗುತ್ತದೆ: ಪಕ್ಕದ ಕೋಣೆಯ 125 ಮಿ.ಮೀ. ಸ್ಲ್ಯಾಬಿಗೂ ಬೀಮಿನ ತಲೆಗೂ ನಡುವೆ 175 ಮಿ.ಮೀ. ಖಾಲಿ ಬಿದ್ದಿರುತ್ತದೆ. ಬೀಮಿನ ತಲೆ ಕೋಣೆಯ ಸ್ಲ್ಯಾಬಿನ ಮಟ್ಟದಲ್ಲೇ ಉಳಿಯಬೇಕು, ಇಳಿದ ಸ್ಲ್ಯಾಬ್ ಅದರ ಪಕ್ಕೆಗೆ ಸೇರಬೇಕು. ಆಗ ಆಳದ ಲೆಕ್ಕ ಬರುತ್ತದೆ. 300ಕ್ಕೆ 125 ಕೂಡಿದರೆ 425. ಬೀಮ್ 375 ಮಿ.ಮೀ. ಇದ್ದರೆ ಸ್ಲ್ಯಾಬ್ 50 ಮಿ.ಮೀ. ಕೆಳಗೆ ಇಣುಕುತ್ತದೆ, 450 ಇದ್ದರೆ ಸರಿಹೋಗುತ್ತದೆ. ವೈವಾದಲ್ಲಿ ನಾನು ಬಣ್ಣದ ತ್ರೀಡಿ ನೋಟ ಕೇಳುವುದಿಲ್ಲ, ಬಚ್ಚಲಿನ ಮೂಲಕ ಒಂದು ಸೆಕ್ಷನ್ ತೋರಿಸಿ ಅನ್ನುತ್ತೇನೆ. ಮಾಡೆಲ್ ಮಾಡಿದವರು ಯಾರು, ನಕಲು ಮಾಡಿದವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ.

ಕಾಂಕ್ರೀಟಿನ ಪ್ರಮಾಣ ತೆಗೆಯುವಾಗಲೂ ಇದೇ ಎಚ್ಚರ ಬೇಕು. 230 ಅಗಲ, 450 ಆಳ, 4 ಮೀಟರ್ ಉದ್ದದ ಬೀಮಿನ ಗಾತ್ರ 0.414 ಘನ ಮೀಟರ್. ಇಲ್ಲಿ ಸ್ಲ್ಯಾಬ್ 150 ಮಿ.ಮೀ. ಎಂದಿಟ್ಟುಕೊಂಡರೆ, ಬೀಮಿನ ಮೇಲಿನ ಅಷ್ಟು ಭಾಗ ಸ್ಲ್ಯಾಬಿಗೂ ಸೇರಿದ್ದು. ಐಎಸ್ 1200ರ ಅಳತೆಯ ಕ್ರಮದಲ್ಲಿ ಬೀಮಿನ ಆಳವನ್ನು ಸ್ಲ್ಯಾಬಿನ ತಳದಿಂದ ಹಿಡಿಯುತ್ತೇವೆ, ಅಂದರೆ 0.276. ಸ್ಲ್ಯಾಬೂ ಬೀಮೂ ಜಾಯಿನ್ ಆಗಿರದಿದ್ದರೆ ಉಳಿದ 0.138 ಷೆಡ್ಯೂಲಿನಲ್ಲಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಒಂದು ಬೀಮಿಗೆ ಇಷ್ಟಾದರೆ ನಾಲ್ಕು ಮಹಡಿಗೆ ಎಷ್ಟು ಎಂದು ಕೈಲೆಕ್ಕದಲ್ಲೇ ಮಾಡಿಸುತ್ತೇನೆ.

ತಂತ್ರಾಂಶ ಕಲಿಸುವ ಕಾಲೇಜುಗಳಿಗೆ ನನ್ನ ಒತ್ತಾಯ ಒಂದೇ: ಸೈಟ್ ಭೇಟಿಯನ್ನು ಸೆಂಟ್ರಿಂಗ್ ಬಿಚ್ಚಿದ ಮೇಲೆ ಇಡಬೇಡಿ. ಕಂಬಿ ಕಟ್ಟಿ ಮುಗಿದು, ಕಾಂಕ್ರೀಟ್ ಹಾಕುವ ಮೊದಲೇ ಮಕ್ಕಳನ್ನು ಕರೆದೊಯ್ಯಿರಿ. ಸೆಕೆಂಡರಿ ಬೀಮಿನ ಕಂಬಿ ಪ್ರೈಮರಿ ಬೀಮಿನ ರಿಂಗುಗಳೊಳಗೆ ಹಾದುಹೋಗಿ ಆಧಾರ ಪಡೆಯುವುದನ್ನು ಆಗಷ್ಟೇ ಮುಟ್ಟಿ ನೋಡಬಹುದು. ತಾವು ಮಾಡಿದ ಮಾಡೆಲ್ ಮೊಬೈಲಿನಲ್ಲಿರಲಿ. ಒಂದೊಂದು ಜಾಯಿಂಟಿನ ಬಳಿಯೂ ನಿಂತು ಹೋಲಿಸಲಿ, ಬಾರ್ ಬೆಂಡರ್ ಅಣ್ಣನನ್ನು ಕೇಳಲಿ.